ಒಂದು ಪ್ರಾರ್ಥನೆ, ಎರಡು ಆಮೆನ್

ಮೈಸೂರಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಮೊದಲ ಸಲ ಒಟ್ಟಿಗೆ ಪ್ರಾರ್ಥನೆಗೆ ಕುಳಿತ ಸಂಜೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ತುದಿಯಲ್ಲಿ ಎಡವಿದೆವು. ‘ಕೇಡಿನಿಂದ ನಮ್ಮನ್ನು ತಪ್ಪಿಸು’ ಎಂಬಲ್ಲಿಗೆ ಬಂದೊಡನೆ ಇವರು ‘ಆಮೆನ್’ ಎಂದು ಶಿಲುಬೆಯ ಗುರುತು ಹಾಕಿಕೊಂಡು ಏಳಲು ಹೊರಟರು. ನಾನು ಕಣ್ಣು ಮುಚ್ಚಿಕೊಂಡೇ ‘ಯಾಕಂದರೆ ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’ ಎಂದು ಮುಂದುವರಿದೆ. ಕಣ್ಣು ತೆರೆದು ನೋಡಿದರೆ ಇವರು ಒಂದು ಮಂಡಿ ನೆಲದಲ್ಲಿ, ಇನ್ನೊಂದು ಮೇಲೆ, ಬಸ್ಸು ಹೊರಟಿತೋ ನಿಂತಿತೋ ತಿಳಿಯದ ಪ್ರಯಾಣಿಕರಂತೆ ನನ್ನನ್ನೇ ನೋಡುತ್ತಿದ್ದರು. ಇಬ್ಬರಿಗೂ ನಗು ಬಂತು. ಮುಂದಿನ ಎರಡು ವರ್ಷ ದೇವರ ವಿಷಯದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಕಡಿಮೆ.

ನಾನು ಧಾರವಾಡದವಳು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರು ವರ್ಷಗಳ ನಂತರ, 1837ರಲ್ಲಿ, ಧಾರವಾಡದಲ್ಲಿ ಅವರ ಕೇಂದ್ರ ತೆರೆಯಿತು. ನಮ್ಮ ಮನೆತನದ ಕ್ರೈಸ್ತ ನಂಬಿಕೆ ಆ ಬೇರಿನದು. ನಿಘಂಟಿನ ಕಿಟ್ಟೆಲ್ಲರು 1853ರಲ್ಲಿ ಭಾರತಕ್ಕೆ ಬಂದವರು ನಮ್ಮೂರಿನಲ್ಲೇ ಇದ್ದು ಕನ್ನಡ ಕಲಿತರೆಂಬುದನ್ನು ಅಪ್ಪ ಯಾರ ಮನೆಗೆ ಹೋದರೂ ಒಮ್ಮೆಯಾದರೂ ಹೇಳದೆ ಎದ್ದು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬೈಬಲು, ಸಂಗೀತ ಪುಸ್ತಕ, ಗೋಡೆಯ ಮೇಲೆ ಒಂದು ವಾಕ್ಯ; ಇಷ್ಟೇ ಧರ್ಮದ ಸಾಮಾನು. ಇವರು ಮಂಗಳೂರಿನ ಕೊಂಕಣಿ ಕಥೋಲಿಕರು. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದವರ ಕಥೆಯನ್ನು, ಅದು ಕಳೆದ ತಿಂಗಳು ನಡೆದದ್ದೇನೋ ಎಂಬಂತೆ ಹೇಳುವ ಮನೆತನ. ಅಲ್ಲಿ ಆಲ್ತಾರ್, ಅಂದರೆ ಪಟ ದೀಪಗಳಿಟ್ಟ ಪ್ರಾರ್ಥನೆಯ ಪೀಠ, ಇಲ್ಲದ ಮನೆಯನ್ನು ಮನೆಯೆಂದು ಕರೆಯುವುದಿಲ್ಲ, ಸಂಜೆಯ ತೇರ್ಸ್, ಅಂದರೆ ಮಣಿ ಎಣಿಸುತ್ತಾ ಅದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುವ ಜಪಮಾಲೆ, ಆಗದೆ ಊಟಕ್ಕೆ ತಟ್ಟೆ ಇಡುವುದಿಲ್ಲ.

ಆಫೀಸಿನಲ್ಲಿ ಗೆಳತಿಯರು ಕೇಳುತ್ತಿದ್ದರು: ‘ಇಬ್ಬರೂ ಕ್ರಿಶ್ಚಿಯನ್ನರೇ ಅಲ್ಲವೇ, ಮತ್ತೇನು ತೊಂದರೆ?’ ದೂರದಿಂದ ನೋಡುವವರಿಗೆ ಎರಡು ಬೆಟ್ಟಗಳು ಒಂದರ ಮೇಲೊಂದು ಕುಳಿತಂತೆಯೇ ಕಾಣುತ್ತವೆ. ನಡುವಿನ ಕಣಿವೆ ಗೊತ್ತಾಗುವುದು ಇಳಿದು ಹತ್ತುವವರಿಗೆ ಮಾತ್ರ.

ಕಣಿವೆ ಮೊದಲು ಕಂಡದ್ದು ಮಾತಿನಲ್ಲಿ. ಕನ್ನಡ ಒಂದೇ ಆದರೂ ಕ್ರೈಸ್ತರ ಕನ್ನಡ ಎರಡು ಎಂಬುದು ಮದುವೆಯಾಗುವವರೆಗೆ ನನಗೆ ತಿಳಿದಿರಲಿಲ್ಲ. ನಾವು ‘ಆರಾಧನೆ’ಗೆ ಹೋಗುತ್ತೇವೆ, ಅವರು ‘ಪೂಜೆ’ಗೆ ಹೋಗುತ್ತಾರೆ. ನಮ್ಮದು ‘ಸುವಾರ್ತೆ’, ಅವರದು ‘ಶುಭಸಂದೇಶ’. ನಮ್ಮ ‘ಕರ್ತನ ಭೋಜನ’ ಅವರಿಗೆ ‘ಪರಮಪ್ರಸಾದ’. ನಮ್ಮ ಹಳೆಯ ಒಡಂಬಡಿಕೆಯಲ್ಲಿ ‘ಯೆಹೋವ’ ಇದ್ದ ಕಡೆಯೆಲ್ಲ ಅವರ ಬೈಬಲಿನಲ್ಲಿ ‘ಸರ್ವೇಶ್ವರ’. ನಮ್ಮ ಲೂಕನು ಅವರಲ್ಲಿ ‘ಸಂತ ಲೂಕರು’, ನಮ್ಮ ಪೌಲನು ‘ಸಂತ ಪೌಲರು’. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ದೇವರನ್ನು ಕರೆಯುವ ರೀತಿ. ನಾವು ದೇವರಿಗೆ ‘ನೀನು’ ಎನ್ನುತ್ತೇವೆ, ಕನ್ನಡದ ಕಥೋಲಿಕರು ‘ನೀವು’ ಎನ್ನುತ್ತಾರೆ. ಚಿಕ್ಕಂದಿನಿಂದ ಏಕವಚನದಲ್ಲಿ ಮಾತಾಡಿಸಿದ ತಂದೆಯನ್ನು ಮದುವೆಯಾದ ಮರುದಿನದಿಂದ ‘ತಾವು ಬನ್ನಿ’ ಎಂದು ಕರೆ ಎಂದರೆ ಹೇಗಿರುತ್ತದೆಯೋ ಹಾಗಿತ್ತು ನನಗೆ ಆ ಪೂಜೆಯಲ್ಲಿ ಕುಳಿತಾಗ. ತಮಾಷೆಯೆಂದರೆ ಇವರ ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುವಾಗ ಅವರದೂ ಏಕವಚನವೇ; ‘ಆಮ್ಚ್ಯಾ ಬಾಪಾ’ ಎಂದು ಶುರುಮಾಡಿ ‘ತುಜೆಂ ನಾಂವ್’ ಎನ್ನುತ್ತಾರೆ. ಅಂದರೆ ಮನೆಯೊಳಗೆ ಸಲಿಗೆ, ಊರಿನ ಭಾಷೆಯಲ್ಲಿ ಮರ್ಯಾದೆ. ಇದನ್ನು ನಾನು ಒಂದು ದಿನ ಬಾಯಿಬಿಟ್ಟು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ‘ಹೌದಲ್ಲ ಮಾರಾಯ್ತಿ, ನಾನು ಲೆಕ್ಕ ಹಾಕಿಯೇ ಇರಲಿಲ್ಲ’ ಎಂದರು. ಅವರನ್ನು ನಾನು ಮಾಂಯ್ ಎಂದು ಕರೆಯುತ್ತೇನೆ. ಅವರಲ್ಲಿ ಅತ್ತೆಯನ್ನು ಕರೆಯುವುದು ಹಾಗೆಯೇ. ಅವರು ನನ್ನನ್ನು ಬಾಯೆ ಎನ್ನುತ್ತಾರೆ.

ಮದುವೆಗೆ ಮುನ್ನವೇ ಒಂದು ಗಾಯವಾಗಿತ್ತು. ಕಥೋಲಿಕರು ಬೇರೆ ಕ್ರೈಸ್ತ ಸಭೆಯವರನ್ನು ಮದುವೆಯಾಗಲು ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಅನುಮತಿ ಬೇಕು, ಹುಟ್ಟುವ ಮಕ್ಕಳಿಗೆಲ್ಲ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ (ನಮ್ಮ ಮಾತಿನಲ್ಲಿ ದೀಕ್ಷಾಸ್ನಾನ) ಕೊಡಿಸಿ ಬೆಳೆಸಲು ತನ್ನ ಶಕ್ತಿ ಮೀರಿ ಪ್ರಯತ್ನಿಸುತ್ತೇನೆಂದು ಕಥೋಲಿಕರಾದವರು ಮಾತು ಕೊಡಬೇಕು. 1917ರ ಧರ್ಮಸಂಹಿತೆಯ ಕಾಲದಲ್ಲಿ ಇಬ್ಬರೂ ಮಾತು ಕೊಡಬೇಕಿತ್ತಂತೆ. 1970ರಲ್ಲಿ ಆರನೆಯ ಪೌಲ್ ಪೋಪರು ಅದನ್ನು ಸಡಿಲಿಸಿದ ಮೇಲೆ, ಇನ್ನೊಬ್ಬರಿಗೆ ಈ ಮಾತಿನ ವಿಷಯವನ್ನು ತಿಳಿಸಿದರೆ ಸಾಕು. ನನಗೆ ತಿಳಿಸಿದರು. ಫಾದರ್ ಬಹಳ ಸೌಮ್ಯವಾಗಿಯೇ ಹೇಳಿದರು, ನನ್ನನ್ನು ಮತ್ತೆ ಸ್ನಾನ ಮಾಡಿಸುವ ಪ್ರಶ್ನೆಯೇ ಇಲ್ಲವೆಂದೂ ಒಂದೇ ದೀಕ್ಷಾಸ್ನಾನವನ್ನು ಎರಡೂ ಸಭೆಗಳು ಮನ್ನಿಸುತ್ತವೆಂದೂ ಸಮಾಧಾನ ಹೇಳಿದರು. ಆದರೆ ಧಾರವಾಡಕ್ಕೆ ಹೋಗಿ ಈ ಸುದ್ದಿಯನ್ನು ಅಪ್ಪನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಾ, ‘ಹುಟ್ಟದ ಮಕ್ಕಳ್ನ ಬರದ ಕೊಟ್ಟಂಗ ಆತಲ್ಲ ತಂಗಿ’ ಎಂದರು. ಆ ಒಂದು ಮಾತು ಮದುವೆಯ ಚಪ್ಪರದಿಂದ ಹಿಡಿದು ಮೈಸೂರಿನ ಮನೆಯವರೆಗೂ ನನ್ನ ಜೊತೆ ಬಂತು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಹೆಂಗಸರೆಲ್ಲ ಹಾಡುತ್ತಾ ತೆಂಗಿನ ಹಾಲನ್ನು ತಲೆಗೆ ಸುರಿಯುವಾಗಲೂ, ಕೆಂಪು ಸಾಡೊ ಸೀರೆ ಉಡಿಸುವಾಗಲೂ, ನಾನು ನಗುತ್ತಲೇ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ: ಇಲ್ಲಿ ಬಿಟ್ಟುಕೊಟ್ಟದ್ದಕ್ಕೆ ಎಲ್ಲಿ ಹಿಡಿದು ನಿಲ್ಲಬೇಕು?

ಹಿಡಿದು ನಿಂತದ್ದು ಗೋಡೆಯ ವಿಷಯದಲ್ಲಿ. ಮೈಸೂರಿನ ಮನೆಯ ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಒಂದೇ ಒಂದು ಒಳ್ಳೆಯ ಗೋಡೆ. ನಾನು ತವರಿನಿಂದ ತಂದ, ಯೆಹೋಶುವನ ಪುಸ್ತಕದ ‘ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು’ ಎಂಬ ವಾಕ್ಯದ ಹಳೆಯ ಚೌಕಟ್ಟನ್ನು ಅಲ್ಲಿ ತೂಗುಹಾಕಿದೆ. ಮುಂದಿನ ವಾರ ಮಂಗಳೂರಿನಿಂದ ಯೇಸುವಿನ ಪವಿತ್ರ ಹೃದಯದ ಪಟ, ಮರದ ಪುಟ್ಟ ಆಲ್ತಾರ್, ಒಂದು ಎಣ್ಣೆಯ ದೀಪ ಬಂದವು. ಅವುಗಳಿಗೂ ಅದೇ ಗೋಡೆ ಬೇಕಿತ್ತು. ಪಟದ ಮುಂದೆ ದೀಪ ಹಚ್ಚುವುದನ್ನು ನಾನು ಧಾರವಾಡದಲ್ಲಿ ಕಂಡದ್ದು ಅಕ್ಕಪಕ್ಕದ ಮನೆಗಳ ದೇವರಕೋಣೆಯಲ್ಲಿ ಮಾತ್ರ. ವಿಗ್ರಹದ ಕುರಿತ ಆಜ್ಞೆಯನ್ನು ಎತ್ತಿ ಹೇಳಿದೆ. ಇವರು ಅದು ಆರಾಧನೆಯಲ್ಲ, ಗೌರವ, ನಿನ್ನ ಅಜ್ಜಿಯ ಫೋಟೋಕ್ಕೆ ಹೂವಿಟ್ಟರೆ ಅದೇನು ಪೂಜೆಯೇ ಎಂದರು. ನಾನು ಅಜ್ಜಿಯ ಫೋಟೋಕ್ಕೆ ಹೂವಿಡುವುದಿಲ್ಲ ಎಂದೆ. ಈ ವಾದ ಊಟದ ಹೊತ್ತನ್ನು ದಾಟಿ ಹೋಯಿತು. ಕೊನೆಗೆ ಆಲ್ತಾರ್ ಅಡುಗೆಮನೆಗೆ ಹೋಗುವ ಸಣ್ಣ ಓಣಿಯ ಶೆಲ್ಫಿನ ಮೇಲೆ ಕುಳಿತಿತು. ನಾನು ಗೆದ್ದೆ. ಆದರೆ ಪ್ರತಿದಿನ ಸಂಜೆ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ, ನನ್ನ ಬೆನ್ನಿಗೆ ಒಂದು ಮಾರು ದೂರದಲ್ಲಿ ಇವರು ಒಬ್ಬರೇ ನಿಂತು ಸಣ್ಣ ದನಿಯಲ್ಲಿ ‘ನಮಾನ್ ಮರಿಯೆ’ ಎಂಬ ಮರಿಯಮ್ಮನವರ ಪ್ರಾರ್ಥನೆ ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಗೆದ್ದವರಿಗೆ ಆ ದನಿ ಕೇಳಲು ಅಷ್ಟೇನೂ ಹಿತವಾಗಿರುವುದಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯದೆ ಬಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ಎರಡನೆಯ ವರ್ಷದ ತಪಸ್ಸಿನ ಕಾಲದಲ್ಲಿ ಮಾಂಯ್ ನಮ್ಮ ಮನೆಗೆ ಬಂದಿದ್ದರು. ಬೂದಿ ಬುಧವಾರದಿಂದ ಪಾಸ್ಕದವರೆಗಿನ, ಅಂದರೆ ಈಸ್ಟರಿನವರೆಗಿನ, ಶುಕ್ರವಾರಗಳಂದು ಅವರು ಮಾಂಸ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ಶುಕ್ರವಾರ ನನ್ನ ತವರಿನ ಕಡೆಯ ನೆಂಟರು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು, ಬೆಳಿಗ್ಗೆಯೇ ಹೋಗಿ ಕುರಿಮಾಂಸ ತಂದೆ. ಮರೆತೆನೆಂದು ಆಮೇಲೆ ಹೇಳಿದೆ. ಮರೆತಿರಲಿಲ್ಲ. ಖಾರ ರುಬ್ಬುವಾಗಲೂ ಅದು ಶುಕ್ರವಾರವೆಂಬುದು ನೆನಪಿತ್ತು, ನನ್ನ ಅಡುಗೆಮನೆಯಲ್ಲಿ ಯಾರ ಪಂಚಾಂಗ ನಡೆಯುತ್ತದೆಂದು ನೋಡಿಯೇ ಬಿಡೋಣ ಎಂಬ ಹಟವೂ ಇತ್ತು. ಮಾಂಯ್ ಏನೂ ಹೇಳಲಿಲ್ಲ. ನೆಂಟರೆಲ್ಲರಿಗೂ ತಾವೇ ಕೈಯಾರೆ ಬಡಿಸಿದರು, ಚೆನ್ನಾದ ತುಂಡುಗಳನ್ನು ಆರಿಸಿ ಹಾಕಿದರು, ಕೊನೆಗೆ ತಮ್ಮ ತಟ್ಟೆಗೆ ಅನ್ನ, ಮಜ್ಜಿಗೆ, ಒಂದು ಹೋಳು ಉಪ್ಪಿನಕಾಯಿ ಹಾಕಿಕೊಂಡು ಅಡುಗೆಮನೆಯ ಮಣೆಯ ಮೇಲೆ ಕುಳಿತರು. ಆ ಉಪ್ಪಿನಕಾಯಿ ಧಾರವಾಡದಿಂದ ನಾನು ತಂದದ್ದು. ‘ಒಳ್ಳೆಯದುಂಟು ಬಾಯೆ, ಅಮ್ಮ ಹಾಕಿದ್ದಾ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಚುಚ್ಚುಮಾತು ಏನಾದರೂ ಇದೆಯೇ ಎಂದು ನಾನು ಬಹಳ ಹುಡುಕಿದೆ, ಸಿಗಲಿಲ್ಲ.

ಆ ರಾತ್ರಿ ನನಗೆ ನಿಧಾನವಾಗಿ ಅರ್ಥವಾದದ್ದಿಷ್ಟು. ಗೋಡೆಯ ಜಗಳದಲ್ಲಿ ನಾನು ಎತ್ತಿ ಹಿಡಿದದ್ದು ಆಜ್ಞೆಯನ್ನಲ್ಲ, ಅಪ್ಪನ ಆ ಮಾತನ್ನು. ನಾವಿಬ್ಬರೂ ಅಷ್ಟು ದಿನ ಸಿದ್ಧಾಂತವೆಂದು ಜಗಳವಾಡಿದ್ದರಲ್ಲಿ ಮುಕ್ಕಾಲು ಪಾಲು ‘ಯಾರು ಮೊದಲು ತಗ್ಗಬೇಕು’ ಎಂಬುದೇ ಆಗಿತ್ತು. ಅದಕ್ಕೆ ಬೈಬಲಿನ ವಾಕ್ಯಗಳನ್ನು ಉಡಿಸಿ ಪಡಸಾಲೆಗೆ ಕರೆತರುತ್ತಿದ್ದೆವು. ನಿಜವಾದ ಸಿದ್ಧಾಂತದ ಭಿನ್ನತೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಅದು ಸಣ್ಣದೂ ಅಲ್ಲ. ಮರಿಯಮ್ಮನವರ ಬಳಿ ನನಗಾಗಿ ಬಿನ್ನಹ ಮಾಡಿ ಎಂದು ಕೇಳುವುದು ಇಂದಿಗೂ ನನ್ನ ನಾಲಿಗೆಗೆ ಬರುವುದಿಲ್ಲ. ನೀತೀಕರಣದ ಬಗ್ಗೆ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಹೇಗೆಂಬ ಪ್ರಶ್ನೆಯ ಬಗ್ಗೆ, ಪ್ರೊಟೆಸ್ಟಂಟರ ಲೂಥರನ್ ಸಭೆಗಳೂ ಕಥೋಲಿಕ ಧರ್ಮಸಭೆಯೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವೆಂದು ಇವರು ನನಗೆ ಓದಿ ಹೇಳಿದ್ದರು. ನಾಲ್ಕು ಶತಮಾನಕ್ಕೂ ಹಿಂದಿನ ಜಗಳದ ಒಂದು ಗಂಟು ದೊಡ್ಡವರ ಮಟ್ಟದಲ್ಲಿ ಸಡಿಲಾದದ್ದು ಸಂತೋಷವೇ. ಆದರೆ ನಮ್ಮ ಓಣಿಯ ಶೆಲ್ಫಿನ ಬಗ್ಗೆ ಆಗ್ಸ್‌ಬರ್ಗಿನಲ್ಲಿ ಯಾರೂ ಸಹಿ ಹಾಕಿರಲಿಲ್ಲ. ಅದನ್ನು ನಾವೇ ಮಾಡಬೇಕಿತ್ತು.

ಮರುದಿನ ನಾನು ಗೋಡೆಯ ವಾಕ್ಯವನ್ನು ಒಂದು ಗೇಣು ಎಡಕ್ಕೆ ಸರಿಸಿ ಹೊಸ ಮೊಳೆ ಹೊಡೆದೆ. ಆಲ್ತಾರ್ ಪಕ್ಕಕ್ಕೆ ಬಂತು. ಹಳೆಯ ಮೊಳೆಯ ತೂತು ಈಗಲೂ ಎರಡರ ನಡುವೆ ಇದೆ; ಸುಣ್ಣ ಹಚ್ಚಿಸಿದಾಗಲೂ ಅದು ಮುಚ್ಚಿಹೋಗಲಿಲ್ಲ. ದೀಪ ಹಚ್ಚುವುದು ಇವರ ಕೆಲಸ, ನನ್ನದಲ್ಲ. ಎಣ್ಣೆ ಮುಗಿದದ್ದು ಕಂಡರೆ ತಂದಿಡುತ್ತೇನೆ, ಅಷ್ಟೇ.

ಅಪ್ಪ ಮೊದಲ ಸಲ ಮೈಸೂರಿಗೆ ಬಂದಾಗ ನನಗೆ ಇದ್ದ ಅಳುಕು ಈ ಆಲ್ತಾರಿನದೇ. ಅವರು ಅದನ್ನು ನೋಡಿದರು, ತಮ್ಮ ಚೌಕಟ್ಟನ್ನೂ ನೋಡಿದರು, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕುಳಿತು ಪತ್ರಿಕೆ ಹಿಡಿದರು. ಸೋಮವಾರ ಸಂಜೆ ಮಾಂಯ್ ತೇರ್ಸ್ ಶುರುಮಾಡಿದಾಗ ಅಪ್ಪ ಹೊರಗೆ ಜಗುಲಿಗೆ ಹೋದರು. ಅನ್ಯಜನರಂತೆ ಹೇಳಿದ್ದನ್ನೇ ಹೇಳಬೇಡಿರೆಂಬ ಮತ್ತಾಯನ ಸುವಾರ್ತೆಯ ಮಾತನ್ನು ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಕಲಿಸಿದವರು ಅವರು. ಅವರಿಂದ ಬೇರೆ ಏನನ್ನು ನಿರೀಕ್ಷಿಸಲಿ? ಆದರೆ ನಮ್ಮ ಜಗುಲಿಗೂ ಪಡಸಾಲೆಗೂ ನಡುವೆ ಇರುವುದು ಒಂದು ಕಿಟಕಿ, ಅದಕ್ಕೆ ಪರದೆಯೂ ಇಲ್ಲ. ಜಪಮಾಲೆ ಹೇಳುತ್ತಾ ಧ್ಯಾನಿಸುವ ಘಟನೆಗಳಿಗೆ ರಹಸ್ಯಗಳೆನ್ನುತ್ತಾರೆ; ಸೋಮವಾರ ಸಂತೋಷದ ರಹಸ್ಯಗಳ ದಿನ. ಅಪ್ಪ ಬಂದಿದ್ದಾರೆಂದು ಮಾಂಯ್ ಅಂದು ಕನ್ನಡದಲ್ಲೇ ನಡೆಸಿದರು. ಗಬ್ರಿಯೇಲ ದೂತ ಬಂದದ್ದು, ಮರಿಯ ಎಲಿಜಬೇತಳನ್ನು ಕಾಣಲು ಹೋದದ್ದು, ಗೋದಲಿಯಲ್ಲಿ ಮಗು ಹುಟ್ಟಿದ್ದು, ಮಗುವನ್ನು ದೇವಾಲಯಕ್ಕೆ ಒಯ್ದದ್ದು, ಹನ್ನೆರಡು ವರ್ಷದ ಹುಡುಗ ದೇವಾಲಯದಲ್ಲಿ ಸಿಕ್ಕಿದ್ದು. ಮುಗಿದ ಮೇಲೆ ಅಪ್ಪ ಒಳಗೆ ಬಂದು ನೀರು ಕುಡಿದು, ಚೊಂಬನ್ನು ಕೆಳಗಿಟ್ಟು, ಮಾಂಯ್ ಕಡೆಗಲ್ಲ, ನನ್ನ ಕಡೆಗೆ ತಿರುಗಿ ಹೇಳಿದರು: ‘ಐದಕ್ಕ ಐದೂ ಲೂಕನ ಸುವಾರ್ತೆಯಾಗಿನವ ನೋಡು. ಆದ್ರೂ ನಾ ಮಣಿ ಹಿಡಿಯೂದಿಲ್ಲ.’ ಮಾಂಯ್ ನಕ್ಕು, ‘ಹಿಡಿಯಬೇಡಿ ಮಾರಾಯ್ರೆ, ಊಟಕ್ಕಾದರೂ ಬನ್ನಿ’ ಎಂದರು. ಅಲ್ಲಿಂದಾಚೆ ಅಪ್ಪ ಬಂದಾಗಲೆಲ್ಲ ಜಗುಲಿಗೇ ಹೋಗುತ್ತಿದ್ದರು, ಆದರೆ ಪತ್ರಿಕೆ ಮಡಚಿಟ್ಟು ಕೂರುತ್ತಿದ್ದರು.

ಹಬ್ಬಗಳಲ್ಲಿ ಹೊಂದಾಣಿಕೆ ಬೇಗ ಆಯಿತು. ಹೊಟ್ಟೆಗೆ ಸಿದ್ಧಾಂತ ಕಡಿಮೆ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಕಾಳುಗಳನ್ನು ಸುಲಿದು ತೆಂಗಿನ ಹಾಲು, ಬೆಲ್ಲದೊಂದಿಗೆ ‘ನವೆಂ’ ಮಾಡಿ ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ, ಬಾಳೆಯೆಲೆಯ ಮೇಲೆ ತರಕಾರಿಗಳ ಊಟ, ಬಗೆಗಳ ಸಂಖ್ಯೆ ಬೆಸವಾಗಿರಬೇಕು. ದೂರದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವುದೂ ಉಂಟು. ನಮ್ಮ ಕಡೆಯ ಸುಗ್ಗಿಯ ಆರಾಧನೆಯಲ್ಲಿ ಸಭೆಯವರು ತಂದ ಬೆಳೆಯನ್ನೆಲ್ಲ ಆರಾಧನೆಯ ನಂತರ ಹರಾಜು ಹಾಕುತ್ತಾರೆ. ಅಪ್ಪ ಒಮ್ಮೆ ಒಂದು ಕುಂಬಳಕಾಯಿಯನ್ನು ಹಟಕ್ಕೆ ಬಿದ್ದು ಸಂತೆಯ ಬೆಲೆಯ ಹತ್ತುಪಟ್ಟು ಕೊಟ್ಟು ತಂದು, ಅವ್ವನಿಂದ ಒಂದು ವಾರ ಬೈಸಿಕೊಂಡಿದ್ದರು. ಎರಡರಲ್ಲೂ ಹೊಸ ಬೆಳೆಯ ಮೊದಲ ಪಾಲು ದೇವರಿಗೇ. ಇನ್ನು ಕ್ರಿಸ್ಮಸ್ ತಿಂಡಿಗಳ ಕುಸ್ವಾರ್‌ನಲ್ಲಿ ಬರುವ ನೆವ್ರಿಯನ್ನು ನಾನು ಮೊದಲ ಸಲ ನೋಡಿದಾಗ ಧಾರವಾಡದ ಕರ್ಚಿಕಾಯಿ ಮಂಗಳೂರಿಗೆ ಯಾವಾಗ ಹೋಯಿತೆಂದು ಕೇಳಿದ್ದೆ. ಮಾಂಯ್ ಅದು ಗೋವೆಯಿಂದ ಬಂದದ್ದೆನ್ನುತ್ತಾರೆ, ಅವ್ವ ಒಪ್ಪುವುದಿಲ್ಲ. ಈ ಒಂದು ವಿಷಯದಲ್ಲಿ ಐಕ್ಯ ಸಾಧ್ಯವೆಂದು ನನಗೆ ಅನಿಸುವುದಿಲ್ಲ.

ಮಗಳು ಹುಟ್ಟಿದಳು. ಕೊಟ್ಟ ಮಾತಿನಂತೆ ಅವಳಿಗೆ ಇವರ ಇಗರ್ಜಿಯಲ್ಲಿ ಜ್ಞಾನಸ್ನಾನವಾಯಿತು. ಅಪ್ಪ ಧಾರವಾಡದಿಂದ ಬಂದು ಮುಂದಿನ ಬೆಂಚಿನಲ್ಲೇ ಕುಳಿತರು, ಮೂರು ಸಲ ನೀರು ಬೀಳುವುದನ್ನು ಎಣಿಸಿದರೆಂದು ನನಗೆ ಅನುಮಾನ. ಅವಳು ಭಾನುವಾರ ಬೆಳಿಗ್ಗೆ ತನ್ನ ಅಪ್ಪನ ಜೊತೆ ಪೂಜೆಗೆ ಹೋಗಿ, ಅಲ್ಲಿಯ ಧರ್ಮೋಪದೇಶ ಮುಗಿಸಿ, ಆಮೇಲೆ ನನ್ನ ಜೊತೆ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸಂಡೇ ಸ್ಕೂಲಿಗೂ ಬರುತ್ತಾಳೆ. ಒಂದು ಮಗುವಿಗೆ ಎರಡು ಭಾನುವಾರ ಹೊರೆಯಾಗುವುದೇನೋ ಎಂಬ ಭಯವಿತ್ತು. ನಿಜವಾದ ತೊಡಕು ಬಂದದ್ದು ಲೆಕ್ಕದಲ್ಲಿ. ಹತ್ತು ಆಜ್ಞೆಗಳನ್ನು ಕಥೋಲಿಕರು ಸಂತ ಅಗಸ್ಟಿನರ ಕ್ರಮದಲ್ಲಿ ಎಣಿಸುತ್ತಾರೆ: ವಿಗ್ರಹದ ಮಾತು ಮೊದಲನೆಯ ಆಜ್ಞೆಯೊಳಗೇ ಸೇರುತ್ತದೆ, ಕೊನೆಯ ‘ಆಶಿಸಬೇಡ’ ಎರಡಾಗಿ ಒಡೆಯುತ್ತದೆ. ನಮ್ಮ ಎಣಿಕೆಯಲ್ಲಿ ವಿಗ್ರಹದ್ದು ಪ್ರತ್ಯೇಕವಾಗಿ ಎರಡನೆಯದು, ಆಶೆಯೆಲ್ಲ ಸೇರಿ ಹತ್ತನೆಯದು. ಹೀಗಾಗಿ ‘ಕದಿಯಬೇಡ’ ಎಂಬುದು ಅವರಿಗೆ ಏಳನೆಯದು, ನಮಗೆ ಎಂಟನೆಯದು. ಡಿಸೆಂಬರಿನಲ್ಲಿ ಒಂದು ದಿನ ಸಿಹಿ ಕಿಡ್ಯೊ ತುಂಬಿಟ್ಟ ಡಬ್ಬಿ ಅರ್ಧ ಖಾಲಿಯಾಗಿದ್ದನ್ನು ಕಂಡು ನಾನು ಅವಳನ್ನು ನಿಲ್ಲಿಸಿ ಕೇಳಿದೆ, ಇದು ಎಷ್ಟನೆಯ ಆಜ್ಞೆ? ಅವಳು ಬಾಯಿಯ ಪಕ್ಕದ ಸಕ್ಕರೆಯನ್ನೂ ಒರೆಸಿಕೊಳ್ಳದೆ, ‘ಅಪ್ಪನ ಕಡೆಯದಾ, ಅಮ್ಮನ ಕಡೆಯದಾ?’ ಎಂದಳು. ಪ್ರೊಟೆಸ್ಟಂಟ್ ಸುಧಾರಣೆಯನ್ನು ಶುರುಮಾಡಿದ ಲೂಥರನೂ ಅಗಸ್ಟಿನರ ಎಣಿಕೆಯನ್ನೇ ಇಟ್ಟುಕೊಂಡಿದ್ದನೆಂದು ಆಮೇಲೆ ಓದಿದಾಗ ನನ್ನ ಪಕ್ಷದ ದೊಡ್ಡ ವಕೀಲನೇ ಎದುರು ಪಕ್ಷದಲ್ಲಿ ಕುಳಿತಂತೆ ಆಯಿತು. ಸಂಖ್ಯೆ ಬೇಡ, ಮಾತನ್ನು ಹೇಳು ಎಂದು ಈಗ ಅವಳಿಗೆ ಹೇಳುತ್ತೇವೆ.

ಆ ಮೊದಲ ಸಂಜೆಯ ಆಮೆನ್‌ನ ತೊಡಕನ್ನು ಬಿಡಿಸಿದ್ದು ಕೂಡ ಪೂಜೆಯಲ್ಲಿ ಕುಳಿತು ಕೇಳಿಸಿಕೊಂಡದ್ದರಿಂದಲೇ. ಎಷ್ಟೋ ಭಾನುವಾರ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಒಂದು ದಿನ ಥಟ್ಟನೆ ಕಿವಿ ತೆರೆಯಿತು. ಜನರೆಲ್ಲ ‘ಕೇಡಿನಿಂದ’ ಎಂಬಲ್ಲಿಗೆ ನಿಲ್ಲಿಸುತ್ತಾರೆ, ಗುರುಗಳು ಶಾಂತಿಗಾಗಿ ಒಂದು ಸಣ್ಣ ಪ್ರಾರ್ಥನೆ ಹೇಳುತ್ತಾರೆ, ಆಮೇಲೆ ಜನರು ರಾಜ್ಯವೂ ಶಕ್ತಿಯೂ ಮಹಿಮೆಯೂ ನಿಮ್ಮವೇ ಎಂಬ ಅರ್ಥದ ಅದೇ ಸಾಲನ್ನು ಹೇಳುತ್ತಾರೆ! 1969ರಲ್ಲಿ ಪರಿಷ್ಕರಿಸಿದ ಪೂಜಾವಿಧಿಯಲ್ಲಿ ಅದು ಬಂದಿತಂತೆ. ಇನ್ನೂ ಕೆದಕಿ ನೋಡಿದರೆ ನನ್ನ ಗರ್ವವೂ ಇಳಿಯಿತು: ಮತ್ತಾಯನ ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಆ ಸಾಲೇ ಇಲ್ಲ, ಲೂಕನ ಪಾಠದಲ್ಲಂತೂ ಇಲ್ಲವೇ ಇಲ್ಲ, ಆದಿಸಭೆಯವರು ಪ್ರಾರ್ಥಿಸುವಾಗ ಸೇರಿಸಿಕೊಂಡದ್ದು. ಹಾಗಾದರೆ ಇವರು ಮೊದಲೇ ಆಮೆನ್ ಹೇಳಿದ್ದೂ ತಪ್ಪಲ್ಲ, ನಾನು ಮುಂದುವರಿದದ್ದೂ ತಪ್ಪಲ್ಲ. ಈಗ ನಮ್ಮ ಮನೆಯಲ್ಲಿ ‘ಕೇಡಿನಿಂದ ತಪ್ಪಿಸು’ ಎಂಬಲ್ಲಿ ಎಲ್ಲರೂ ಒಂದು ಕ್ಷಣ ನಿಲ್ಲುತ್ತೇವೆ, ಮಗಳು ಆ ದಿನ ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು ಹೇಳುತ್ತಾಳೆ (ಪರೀಕ್ಷೆಯ ಹಿಂದಿನ ದಿನ ಬಹುಮಟ್ಟಿಗೆ ತನ್ನದೇ), ಆಮೇಲೆ ಉಳಿದ ಸಾಲು.

ಬಿಡಿಸಲಾಗದ ಗಂಟೂ ಇದೆ. ಮಗಳ ಮೊದಲ ಪರಮಪ್ರಸಾದದ ದಿನ ನಾನೇ ಅವಳಿಗೆ ಬಿಳಿಯ ಫ್ರಾಕು ಹಾಕಿದೆ, ತಲೆಗೆ ಹೂವಿನ ಕಿರೀಟ ಕೂರಿಸಿದೆ, ಸಾಲಿನಲ್ಲಿ ನಿಲ್ಲಿಸಿ ಬಂದೆ. ತಂದೆ ತಾಯಿ ಮಗುವಿನ ಜೊತೆ ಮುಂದೆ ಹೋಗುವ ಹೊತ್ತು ಬಂದಾಗ ಇವರು ಎದ್ದರು, ನಾನು ಕುಳಿತೇ ಇದ್ದೆ. ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ನನ್ನಂಥವರಿಗೆ ಆ ಪ್ರಸಾದವಿಲ್ಲ. ಮರಣಾಪಾಯದಂಥ ಗಂಭೀರ ಸಂದರ್ಭದಲ್ಲಿ ಮಾತ್ರ ಅಪರೂಪದ ಅವಕಾಶ. ನಮ್ಮ ಸಭೆಯ ಮೇಜಿಗೆ ಇವರು ಬರಬಹುದೆಂದು ನಮ್ಮ ಪಾದ್ರಿ ಅಯ್ಯನವರು ಹೇಳುತ್ತಾರೆ, ಇವರ ಧರ್ಮಸಭೆ ಇವರಿಗೆ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಆ ನಿಯಮದ ಹಿಂದಿನ ಕಾರಣವನ್ನು ನಾನು ಓದಿದ್ದೇನೆ, ಅರ್ಥವೂ ಆಗಿದೆ. ಪೂರ್ಣ ಐಕ್ಯವಿಲ್ಲದೆ ಐಕ್ಯದ ಗುರುತನ್ನು ಹಂಚಿಕೊಳ್ಳಬಾರದೆಂಬುದು ಬರಿಯ ಹಟವಲ್ಲ. ಆದರೂ ಒಂದೇ ತಟ್ಟೆಯಲ್ಲಿ ಉಣ್ಣುವ ಮೂವರಲ್ಲಿ ಇಬ್ಬರು ಎದ್ದು ಹೋಗಿ ಒಬ್ಬಳು ಬೆಂಚಿನ ಮೇಲೆ ಉಳಿದರೆ, ಆ ಬೆಂಚು ಬಹಳ ಉದ್ದವಾಗಿ ಕಾಣುತ್ತದೆ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನೆಯ ವಾರವಿದೆ. ಎರಡೂ ಕಡೆಯವರು ಒಬ್ಬರ ಇಗರ್ಜಿಗೆ ಒಬ್ಬರು ಹೋಗಿ ಹಾಡಿ, ಚಹಾ ಕುಡಿದು ಬರುತ್ತಾರೆ. ಆ ಚಹಾ ಕುಡಿಯುವಾಗಲೆಲ್ಲ ನನಗೆ ಆ ಬೆಂಚೇ ನೆನಪಾಗುತ್ತದೆ. ಮಗಳು ಅಂದು ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ಏಳಲೇ ಇಲ್ಲ. ಏನು ಕೇಳಿಕೊಂಡೆ ಎಂದು ನಾನು ಇಂದಿಗೂ ಕೇಳಿಲ್ಲ.

ಕಳೆದ ವರ್ಷ ಅಪ್ಪ ತೀರಿಕೊಂಡರು. ಧಾರವಾಡದ ಸಮಾಧಿಭೂಮಿಯಲ್ಲಿ ಮಧ್ಯಾಹ್ನದ ಬಿಸಿಲು. ಮಾಂಯ್ ಮಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದಿದ್ದರು. ಊದಿಕೊಂಡ ಕಾಲುಗಳಿಂದಲೇ ಕಲ್ಲುಗಳ ನಡುವೆ ನಿಂತಿದ್ದರು, ಜಪಮಾಲೆಯನ್ನು ಸೆರಗಿನೊಳಗೆ ಮುಚ್ಚಿ ಹಿಡಿದುಕೊಂಡು. ಅಪ್ಪನಿಗೆ ಅದು ಹಿಡಿಸದೆಂದು ಅವರಿಗೆ ಗೊತ್ತಿತ್ತು. ಮಣ್ಣು ಹಾಕಿದ ಮೇಲೆ ಅಯ್ಯನವರು ಕರ್ತನ ಪ್ರಾರ್ಥನೆ ಹೇಳಿಸಿದರು. ‘ಕೇಡಿನಿಂದ ನಮ್ಮನ್ನು ತಪ್ಪಿಸು’ ಎಂಬಲ್ಲಿಗೆ ನನ್ನ ಗಂಟಲು ಕಟ್ಟಿತು, ಮುಂದೆ ಹೇಳಲಾಗಲಿಲ್ಲ. ಪಕ್ಕದಲ್ಲಿ ಇವರು ‘ಯಾಕಂದರೆ ರಾಜ್ಯವೂ ಬಲವೂ’ ಎಂದು ನಿಲ್ಲದೆ ಪೂರ್ತಿ ಹೇಳಿದರು, ನಮ್ಮ ಪಾಠದಲ್ಲಿ, ‘ನಿನ್ನವೇ’ ಎಂಬ ಏಕವಚನದಲ್ಲಿ.

ಮೈಸೂರಿಗೆ ಹಿಂದಿರುಗುವ ರೈಲಿನಲ್ಲಿ, ಮಗಳು ಮಲಗಿದ ಮೇಲೆ, ಅಷ್ಟು ವರ್ಷ ನಾವಿಬ್ಬರೂ ಎತ್ತದೆ ಬಿಟ್ಟಿದ್ದ ಮಾತನ್ನು ನಾನು ಎತ್ತಿದೆ. ಇವರ ಇಗರ್ಜಿಗೆ ಅದರದೇ ಸಮಾಧಿಭೂಮಿ, ನಮ್ಮ ಸಭೆಗೆ ನಮ್ಮದೇ. ನಡುವೆ ಊರಿನ ಅರ್ಧದಷ್ಟು ದಾರಿ. ನಮ್ಮಿಬ್ಬರನ್ನು ಎಲ್ಲಿ ಇಡುತ್ತಾರೆ ಎಂದು ಕೇಳಿದೆ. ಇವರು ಕಿಟಕಿಯಾಚೆಯ ಕತ್ತಲನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುರುಗಳನ್ನೂ ಅಯ್ಯನವರನ್ನೂ ಒಟ್ಟಿಗೆ ಕೂರಿಸಿ ಒಮ್ಮೆ ಕೇಳಬೇಕು’ ಎಂದರು. ಆಮೇಲೆ ಮಗಳ ಮೇಲಿನ ಹೊದಿಕೆ ಸರಿಪಡಿಸುತ್ತಾ, ‘ಇಲ್ಲವಾದರೆ ಇವಳೇ ತೀರ್ಮಾನಿಸಲಿ, ಎರಡು ಕಡೆಯ ಲೆಕ್ಕವೂ ಅವಳಿಗೆ ಗೊತ್ತುಂಟು’ ಎಂದರು.